ಇಪ್ಪತ್ತಮೂರನೆಯ ಪರೀಷಹ

ಈಚೆಗೆ ಹಳೆಯ ಟಿಪ್ಪಣಿಗಳ ಕಟ್ಟುಗಳನ್ನು ಬಿಚ್ಚಿ ವಿಂಗಡಿಸುತ್ತಿದ್ದಾಗ ನೂರು ಪುಟದ ಒಂದು ನೋಟುಪುಸ್ತಕ ಕೈಗೆ ಬಂದಿತು. ರಟ್ಟಿನ ಮೇಲೆ ನನ್ನದೇ ಅಕ್ಷರದಲ್ಲಿ ‘ಕಿರಿಕಿರಿಗಳ ವಹಿ’ ಎಂದಿದೆ. ಮೊದಲ ನಮೂದು 2020ರ ಮಾರ್ಚ್ 22, ಜನತಾ ಕರ್ಫ್ಯೂವಿನ ರವಿವಾರ. ಕೊನೆಯದು ಮೇ 31. ನಡುವಿನ ಎಪ್ಪತ್ತೊಂದು ದಿನಗಳಲ್ಲಿ ಒಂದು ದಿನವನ್ನೂ ತಪ್ಪಿಸಿಲ್ಲ. ಸಂಶೋಧನೆಯ ಕೆಲಸದಲ್ಲಿ ಎಂದೂ ತೋರದ ಶಿಸ್ತನ್ನು ಗೊಣಗುವುದರಲ್ಲಿ ತೋರಿದ್ದೇನೆಂಬುದು ಪುಟ ತಿರುವಿದಂತೆ ತಿಳಿಯಿತು.

ಆ ವಹಿಯನ್ನು ಇಡಲು ಒಂದು ವಿದ್ವತ್ತಿನ ನೆಪವೂ ಇತ್ತು. ನಮ್ಮ ನಾಡಿನ ಸಾಹಿತ್ಯ ಮತ್ತು ಶಾಸನಗಳು ದೊಡ್ಡ ಸಂಗತಿಗಳನ್ನು ಹೇಳುತ್ತವೆಯೇ ಹೊರತು ಸಣ್ಣ ತೊಂದರೆಗಳನ್ನು ಹೇಳುವುದಿಲ್ಲ. ನವನಗರದಿಂದ ಒಂದು ಗಂಟೆಯ ದಾರಿಯಲ್ಲಿರುವ ಐಹೊಳೆಯ ಮೇಗುತಿ ಜಿನಾಲಯದ ಗೋಡೆಯಲ್ಲಿ ರವಿಕೀರ್ತಿ ಶಕ 556ರಲ್ಲಿ, ಅಂದರೆ ಕ್ರಿ.ಶ. 634ರಲ್ಲಿ, ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ಬರೆಸಿದ್ದಾನೆ. ಹರ್ಷನ ಹರ್ಷ ಅಳಿದದ್ದು ಅದರಲ್ಲಿದೆ. ಕವಿ ತನ್ನನ್ನು ಕಾಳಿದಾಸ, ಭಾರವಿಗಳ ಸಾಲಿನಲ್ಲಿ ನಿಲ್ಲಿಸಿಕೊಂಡದ್ದೂ ಅದರಲ್ಲಿದೆ. ಆದರೆ ಆ ಬೋಳುಗುಡ್ಡದ ಮೇಲೆ, ಕಾದ ಕಲ್ಲಿಗೆ ಮುಖವಿಟ್ಟು ಅಕ್ಷರ ಕಡೆದವನಿಗೆ ನೀರು ಯಾರು ತಂದುಕೊಡುತ್ತಿದ್ದರು? ಕೂಲಿ ಹೊತ್ತಿಗೆ ಸರಿಯಾಗಿ ಸಿಗುತ್ತಿತ್ತೆ? ಇದನ್ನು ಯಾವ ಸಾಲೂ ಹೇಳುವುದಿಲ್ಲ. 1876–78ರ ಬರಗಾಲ ಆಗಿನ ಕಲಾದಗಿ ಜಿಲ್ಲೆಯನ್ನು ಹಿಂಡಿದ್ದಕ್ಕೆ, 1898ರಲ್ಲಿ ಪ್ಲೇಗು ಹುಬ್ಬಳ್ಳಿ-ಧಾರವಾಡಗಳನ್ನು ಖಾಲಿಮಾಡಿಸಿದ್ದಕ್ಕೆ ಸರಕಾರಿ ವರದಿಗಳುಂಟು. ಊರು ಬಿಟ್ಟು ಹೊಲದ ಗುಡಿಸಲಿನಲ್ಲಿ ಕುಳಿತವನ ದಿನ ಹೇಗೆ ಕಳೆಯಿತೆಂಬುದಕ್ಕೆ ನಮ್ಮಲ್ಲಿ ಕೇಳಿಬಂದ ಮಾತುಗಳಷ್ಟೇ ಆಧಾರ. ಈ ಕೊರತೆಯನ್ನು ನನ್ನ ಕಾಲದ ಮಟ್ಟಿಗಾದರೂ ತುಂಬಬೇಕೆಂಬ ದೊಡ್ಡ ಮಾತನ್ನು ಮೊದಲ ಪುಟದಲ್ಲಿ ಬರೆದು, ಅದರ ಕೆಳಗೆ ಮೊದಲ ಕಿರಿಕಿರಿಯನ್ನು ದಾಖಲಿಸಿದ್ದೇನೆ: ‘ಸಂಜೆ ಐದಕ್ಕೆ ತಾಟು ಬಡಿಯಲು ಹೇಳಿದ್ದರು, ನಮ್ಮ ಓಣಿಯ ಹುಡುಗರು ಆರೂವರೆಯಾದರೂ ನಿಲ್ಲಿಸಲಿಲ್ಲ.’

ನಾಲ್ಕನೆಯ ದಿನವೇ ಯುಗಾದಿ. ಶಾರ್ವರಿ ಸಂವತ್ಸರ ಬಂದದ್ದೂ ದೇಶಕ್ಕೆ ಬೀಗ ಬಿದ್ದದ್ದೂ ಒಂದೇ ದಿನ, ಮಾರ್ಚ್ 25. ಅಲ್ಲಿಂದ ಮುಂದೆ ವಹಿ ವೇಗವಾಗಿ ತುಂಬಿದೆ. ಯಾರಿಗೆ ಫೋನು ಮಾಡಿದರೂ ಮೊದಲು ಕೇಳಿಸುತ್ತಿದ್ದ ಕೆಮ್ಮು. ಮಾಸ್ಕಿನ ಉಸಿರಿಗೆ ಮಂಜಾಗುವ ಕನ್ನಡಕ. ತರಕಾರಿ ಗಾಡಿ ಬಂದಾಗ ಸ್ನಾನದಲ್ಲಿರುವುದು, ಸ್ನಾನ ಮುಗಿಸಿ ಕಾದಾಗ ಗಾಡಿ ಬಾರದಿರುವುದು. ಮಧ್ಯಾಹ್ನ ಎರಡಕ್ಕೆ, ನಲವತ್ತು ಡಿಗ್ರಿಯ ಬಿಸಿಲಿನಲ್ಲಿ, ಪಂಖದ ರೆಕ್ಕೆ ನಿಧಾನವಾಗಿ ನಿಲ್ಲುವುದನ್ನು ಮಲಗಿದಲ್ಲಿಂದಲೇ ನೋಡುವುದು. ದೂರದರ್ಶನದಲ್ಲಿ ಮತ್ತೆ ಶುರುವಾದ ರಾಮಾಯಣವನ್ನು ಹಳೆಯದೆಂದು ಹಂಗಿಸುತ್ತಲೇ ತಪ್ಪದೆ ನೋಡುವ ಮನೆಯವರು. ಒಂದೇ ಸಂದೇಶ, ಅದರಲ್ಲೂ ಬೆಳ್ಳುಳ್ಳಿಯ ಕಷಾಯದ ಸಂದೇಶ, ಒಂದೇ ದಿನ ಹನ್ನೊಂದು ಜನರಿಂದ ಬರುವುದು. ಬೆಳ್ಳುಳ್ಳಿ ಒಳಗೆ ಬಾರದ ಮನೆಗೆ ಇದು ಹನ್ನೊಂದು ಸಲ ಬಂದರೆ ಹೇಗಾಗಬೇಕು?

ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ದೀಪ ಹಚ್ಚಿದೆವು. ಮರುದಿನ, ಏಪ್ರಿಲ್ 6, ಮಹಾವೀರ ಜಯಂತಿ. ಬಸದಿಯ ಬಾಗಿಲು ಮುಚ್ಚಿತ್ತು. ಮೆರವಣಿಗೆಯಿಲ್ಲ, ಅಭಿಷೇಕದ ಗಂಧೋದಕವಿಲ್ಲ. ಮನೆಯ ಗೂಡಿನಲ್ಲಿರುವ ಅಂಗೈಯಗಲದ ಬಿಂಬಕ್ಕೆ ನಮಸ್ಕರಿಸಿ ಕುಳಿತಾಗ ಸ್ನೇಹಿತರೊಬ್ಬರು ಫೋನಿನಲ್ಲಿ ಹೇಳಿದರು: “ಬೇಸರ ಮಾಡ್ಕೋಬ್ಯಾಡ್ರಿ. ಶ್ರಾವಕರಿಗೆ ಹೇಳಿ ಹೇಳಿ ದೇಶವ್ರತ ತಗೊಳ್ಳಾಕ ಯಾರೂ ಒಪ್ತಿರಲಿಲ್ಲ. ಈಗ ಸರಕಾರ ಎಲ್ಲಾರಿಗೂ ಕೊಟ್ಟದ.” ದೇಶವ್ರತವೆಂದರೆ ಇಂತಿಷ್ಟು ಕಾಲ ಈ ಮನೆ, ಈ ಓಣಿ, ಈ ಊರಿನ ಗಡಿಯನ್ನು ದಾಟೆನೆಂದು ಗೃಹಸ್ಥನು ತಾನಾಗಿ ಕೈಕೊಳ್ಳುವ ವ್ರತ. ಆ ಮಾತಿಗೆ ಇಬ್ಬರೂ ನಕ್ಕೆವು. ಆದರೆ ಅದು ನನ್ನ ವಹಿಗೆ ಒಂದು ಹೊಸ ದಿಕ್ಕು ಕೊಟ್ಟಿತು. ಅದುವರೆಗೆ ದಿನಾಂಕದ ಕ್ರಮದಲ್ಲಿದ್ದ ಕಿರಿಕಿರಿಗಳನ್ನು ಅಂದಿನಿಂದ ಶಾಸ್ತ್ರೀಯವಾಗಿ ವರ್ಗೀಕರಿಸತೊಡಗಿದೆ. ಅಳತೆಗೋಲು ಕೈಯಲ್ಲೇ ಇತ್ತು: ಇಪ್ಪತ್ತೆರಡು ಪರೀಷಹಗಳು.

ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಇಲ್ಲಿ ಎರಡು ಮಾತು ಹೇಳಬೇಕು. ಪರೀಷಹವೆಂದರೆ ಎಲ್ಲ ಕಡೆಯಿಂದ ಬಂದುದನ್ನು ಸಹಿಸುವುದು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಇವುಗಳ ಪಟ್ಟಿಯಿದೆ: ಹಸಿವು, ನೀರಡಿಕೆ, ಚಳಿ, ಸೆಕೆ, ಸೊಳ್ಳೆ-ನೊಣಗಳ ಕಡಿತ, ನಗ್ನತೆ, ಅರತಿ, ಸ್ತ್ರೀ, ಚರ್ಯೆ ಎಂದರೆ ನಡಿಗೆ, ನಿಷದ್ಯೆ ಎಂದರೆ ಒಂದೆಡೆ ಕುಳಿತಿರುವುದು, ಶಯ್ಯೆ, ಆಕ್ರೋಶ, ವಧ, ಯಾಚನೆ, ಅಲಾಭ, ರೋಗ, ತೃಣಸ್ಪರ್ಶ, ಮಲ, ಸತ್ಕಾರಪುರಸ್ಕಾರ, ಪ್ರಜ್ಞೆ, ಅಜ್ಞಾನ, ಅದರ್ಶನ. ಮುನಿಯಾದವನು ಮಾರ್ಗದಿಂದ ಜಾರದಿರಲೆಂದು, ಕರ್ಮ ಉದುರಲೆಂದು ಇವನ್ನು ಸಹಿಸಬೇಕು. ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಬಳ್ಳಿ ಸುತ್ತಿಸಿಕೊಂಡು ನಿಂತ ಬಾಹುಬಲಿಯನ್ನು ನೋಡಿದವರಿಗೆ ಇದರ ಅರ್ಥ ಬಾಯಿಮಾತಿನಲ್ಲಿ ಹೇಳಬೇಕಾಗಿಲ್ಲ. ಅದೇ ಗುಹೆಯ ಪಾರ್ಶ್ವನಾಥನನ್ನು ಕಂಡು ಬರುವ ನೆನಪು ಬೇರೆ. ಕಮಠನು ಬೇಕೆಂದು ಮಾಡಿದ ಕಾಟಕ್ಕೆ ಉಪಸರ್ಗವೆಂದು ಹೆಸರು. ಗುಹೆ ಒಂದೇ ಆದರೂ ಪಾಠ ಎರಡು.

ನಾನು ಈ ಗಂಭೀರ ಪಟ್ಟಿಯನ್ನು ಅಂಗಳದ ಜಗಳಕ್ಕೆ ಎಳೆದು ತಂದೆ. ಉಷ್ಣ: ವಿವರಣೆ ಬೇಡ. ದಂಶಮಶಕ: ಕರೆಂಟು ಹೋದಾಗ ಕಿಟಕಿ ತೆರೆದರೆ ಸೊಳ್ಳೆ, ಮುಚ್ಚಿದರೆ ಉಷ್ಣ. ಒಂದನ್ನು ತಪ್ಪಿಸಲು ಇನ್ನೊಂದನ್ನು ಕರೆಯಬೇಕು. ಆಕ್ರೋಶ: ಟಿ.ವಿ.ಯ ಚರ್ಚೆಗಳು, ಅವುಗಳ ದನಿಯಲ್ಲೇ ಮನೆಯೊಳಗೆ ನಡೆದ ಚರ್ಚೆಗಳು. ಯಾಚನೆ: ಔಷಧಿ ತರಲು ಹೊರಗೆ ಹೋದವನು ದಾರಿಯಲ್ಲಿ ಕೋಲು ಹಿಡಿದು ನಿಂತವರಿಗೆ ಚೀಟಿ ತೋರಿಸಿ ವಿವರಿಸುವುದು. ಅಲಾಭ: ಅಂಗಡಿಯವನು ತಲೆಯಾಡಿಸುವುದು. ಮಲ: ಎರಡು ತಿಂಗಳು ಕ್ಷೌರಿಕನಿಲ್ಲದ ತಲೆ. ಪ್ರಜ್ಞೆ ಎಂದರೆ ಬಲ್ಲೆನೆಂಬ ಗರ್ವವನ್ನು ಗೆಲ್ಲುವುದು. ಆ ಬೇಸಿಗೆಯಲ್ಲಿ ರೋಗಾಣುವಿನ ಬಗ್ಗೆ ಎಲ್ಲವನ್ನೂ ಬಲ್ಲವರ ನಡುವೆ ಬಾಳಿದ್ದೇ ಆ ಪರೀಷಹ. ಅಜ್ಞಾನ ನನ್ನ ಪಾಲಿನದು: ಒಂದು ಸಂಸ್ಥೆಯವರು ನನ್ನಿಂದ ಅಂತರ್ಜಾಲದಲ್ಲಿ ಉಪನ್ಯಾಸ ಮಾಡಿಸಿದರು. ಪಂಪಪೂರ್ವ ಯುಗದ ಮೇಲೆ ಮೂವತ್ತೈದು ನಿಮಿಷ ನಿರರ್ಗಳವಾಗಿ ಮಾತನಾಡಿದ ಮೇಲೆ, ನನ್ನ ಧ್ವನಿ ಮೊದಲಿನಿಂದಲೂ ಬಂದಾಗಿತ್ತೆಂದು ತಿಳಿಯಿತು. ಪಂಪಪೂರ್ವ ಯುಗದ ಗ್ರಂಥಗಳಂತೆ ಆ ಉಪನ್ಯಾಸವೂ ಅನುಪಲಬ್ಧ. ಆದರೂ ಕೊನೆಗೆ ನನಗೆ ಪ್ರಮಾಣಪತ್ರ ಬಂತು, ಅದು ಸತ್ಕಾರಪುರಸ್ಕಾರ.

ಸೂತ್ರಕಾರನು ಇನ್ನೊಂದು ಸೂಕ್ಷ್ಮವನ್ನೂ ಹೇಳಿದ್ದಾನೆ. ಒಂದೇ ಜೀವಕ್ಕೆ ಏಕಕಾಲದಲ್ಲಿ ಇಪ್ಪತ್ತೆರಡೂ ಒದಗಲಾರವು, ಹೆಚ್ಚೆಂದರೆ ಹತ್ತೊಂಬತ್ತು. ಚಳಿಯಿದ್ದಾಗ ಸೆಕೆಯಿಲ್ಲ, ಸೆಕೆಯಿದ್ದಾಗ ಚಳಿಯಿಲ್ಲ. ಅಲ್ಲಿಗೆ ಒಂದು ಕಡಿಮೆಯಾಯಿತು. ನಡೆಯುವವನು ಕುಳಿತಿರಲಾರ, ಕುಳಿತವನು ಮಲಗಿರಲಾರ. ಚರ್ಯೆ, ನಿಷದ್ಯೆ, ಶಯ್ಯೆಗಳಲ್ಲಿ ಒಂದೇ ಉಳಿಯುತ್ತದೆ. ಅಲ್ಲಿಗೆ ಇನ್ನೆರಡು ಕಡಿಮೆ. ಪಾಠ ಹೇಳುವಾಗ ನಾನು ಈ ಸೂತ್ರವನ್ನು ಲೆಕ್ಕದ ಚಮತ್ಕಾರವೆಂಬಂತೆ ಹೇಳಿ ಮುಂದೆ ಹೋಗುತ್ತಿದ್ದೆ. ವಹಿಯಲ್ಲಿಯೂ ಹಾಗೆಯೇ ಬರೆದಿದ್ದೇನೆ: ‘ಈ ದಿನ ಹನ್ನೊಂದು. ಗರಿಷ್ಠಕ್ಕೆ ಇನ್ನೂ ಎಂಟು ಬಾಕಿ.’ ಕೊನೆಗೆ, ಪಟ್ಟಿಯ ಯಾವ ಹೆಸರಿಗೂ ಹೊಂದದ ಸಂಗತಿಗಳಿಗಾಗಿ ಒಂದು ಖಾತೆಯನ್ನು ನಾನೇ ತೆರೆದೆ. ಇಪ್ಪತ್ತಮೂರನೆಯ ಪರೀಷಹ: ಕಿರಿಕಿರಿ. ಮಾರ್ಗದಲ್ಲಿ ಇಲ್ಲದವನಿಗೆ, ಮನೆಯಲ್ಲಿ ಕುಳಿತವನಿಗೆ ಬರುವ ಪರೀಷಹವೆಂದು ಅದರ ಲಕ್ಷಣ.

ಆ ಖಾತೆಯಲ್ಲಿ ಅತಿ ಹೆಚ್ಚು ಸಲ ಬರುವವರು ನಮ್ಮ ಪಕ್ಕದ ಮನೆಯ ಅಜ್ಜಿ. ಅವರ ಹೆಸರು ಇಲ್ಲಿ ಬೇಡ. ಎಪ್ಪತ್ತು ದಾಟಿದವರು, ಬೆಳಗಿನಿಂದ ರಾತ್ರಿಯವರೆಗೆ ಗೊಣಗುವವರು. ನಳದ ನೀರು ಸಪ್ಪೆ ಎಂದು, ಬೇವಿನ ಎಲೆ ತಮ್ಮ ಅಂಗಳಕ್ಕೇ ಬೀಳುತ್ತದೆಂದು, ಮಗ ಕೊಡಿಸಿದ ಮಾಸ್ಕಿನ ಬಣ್ಣ ಸರಿಯಿಲ್ಲವೆಂದು. ಅವರ ದನಿ ಗೋಡೆ ದಾಟಿ ನನ್ನ ಓದಿನ ಕೋಣೆಗೆ ಬರುತ್ತಿತ್ತು. ವಹಿಯಲ್ಲಿ ಹದಿನೇಳು ಕಡೆ ‘ಅಜ್ಜಿ’ ಎಂಬ ಒಂದೇ ಪದದ ನಮೂದಿದೆ.

ಹೊರಗಿನ ಓದುಗರಿಗೆ ನವನಗರವೆಂದರೆ ಏನೆಂಬುದನ್ನು ಹೇಳದಿದ್ದರೆ ಅಜ್ಜಿಯ ಗೊಣಗಾಟ ಅರ್ಥವಾಗದು. ಇದು ತಾನಾಗಿ ಬೆಳೆದ ಊರಲ್ಲ. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಿದಾಗ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಏರಿ ಹಳೆಯ ಬಾಗಲಕೋಟೆಯ ಬಹುಭಾಗವನ್ನು ಮುಳುಗಡೆಗೆ ಸೇರಿಸಿತು. ಆ ಜನಕ್ಕಾಗಿ ಗೆರೆ ಎಳೆದು ಕಟ್ಟಿದ ಊರು ಇದು. 2000ದಲ್ಲಿ ಸರ್ವೋಚ್ಚ ನ್ಯಾಯಾಲಯ 519.60 ಮೀಟರ್ ಎತ್ತರಕ್ಕೆ ನೀರು ನಿಲ್ಲಿಸಲು ಒಪ್ಪಿತು. ಆ ಒಂದು ಅಂಕಿ ಯಾರ ಪಡಸಾಲೆ ಉಳಿಯುತ್ತದೆ, ಯಾರದು ಹೋಗುತ್ತದೆ ಎಂಬುದನ್ನು ತೀರ್ಮಾನಿಸಿತು. ಓಣಿಗಳಿಗೆ ಹಳೆಯ ಊರಿನಲ್ಲಿ ಹೆಸರಿದ್ದವು; ಇಲ್ಲಿ ಸೆಕ್ಟರಿನ ನಂಬರು ಬಂದಿತು. ರಸ್ತೆ ಅಗಲವಾದವು, ಮನೆಗಳು ದೂರವಾದವು. ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಮಾತಾಡುವುದು ನಿಂತಿತು. ಅಜ್ಜಿ ಅಲ್ಲಿಂದ ಬರುವಾಗ ತಂದದ್ದು ತಲೆಬಾಗಿಲಿನ ಸಾಗುವಾನಿ ಚೌಕಟ್ಟು ಮತ್ತು ಗೊಣಗುವ ಅಭ್ಯಾಸವೆಂದು ಅವರ ಮಗನೇ ಹೇಳುತ್ತಾನೆ. ಲಾಕ್‌ಡೌನಿನ ಮೊದಲ ವಾರದಲ್ಲಿ ಅವರು ಹೇಳಿದ ಮಾತನ್ನು ನಾನು ವಹಿಯಲ್ಲಿ, ಅದರ ಯೋಗ್ಯತೆಯನ್ನು ಅರಿಯದೆ, ಕಿರಿಕಿರಿಯ ಖಾತೆಯಲ್ಲೇ ಬರೆದಿದ್ದೇನೆ: “ಮುಳುಗಡಿ ಅಂದಾಗ ಮನಿ ಬಿಟ್ಟು ಹೊರಗ ಬಾ ಅಂದ್ರು. ಈಗ ಮನಿ ಬಿಟ್ಟು ಹೊರಗ ಬರಬ್ಯಾಡ ಅಂತಾರ. ಎರಡೂ ಸರ್ತಿ ನನ್ನ ಯಾರು ಕೇಳ್ಯಾರು?”

ಈಗ ಏಪ್ರಿಲ್ 26ಕ್ಕೆ ಬರುತ್ತೇನೆ. ಅಂದು ಅಕ್ಷಯ ತೃತೀಯಾ. ಲೋಕಕ್ಕೆ ಅದು ಬಂಗಾರ ಕೊಳ್ಳುವ ದಿನ. ಜೈನರಿಗೆ ಅದು ಮೊದಲ ದಾನದ ದಿನ. ಆದಿನಾಥನು ದೀಕ್ಷೆ ತೊಟ್ಟು ಆರು ತಿಂಗಳು ನಿರಾಹಾರನಾಗಿ ನಿಂತ ಮೇಲೆ ಆಹಾರಕ್ಕಾಗಿ ಊರೂರು ನಡೆದ. ಜನ ಪ್ರೀತಿಯಿಂದಲೇ ಎದುರು ಬಂದರು. ಆನೆ ತಂದರು, ಕುದುರೆ ತಂದರು, ರತ್ನ ತಂದರು, ಕನ್ಯೆಯರನ್ನು ತಂದು ನಿಲ್ಲಿಸಿದರು. ಮುನಿಗೆ ಅನ್ನ ಕೊಡಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ಏಕೆಂದರೆ ಯಾರೂ ಅದುವರೆಗೆ ಕೊಟ್ಟಿರಲಿಲ್ಲ. ಹೀಗೆ ವರುಷ ಕಳೆದ ಮೇಲೆ ಹಸ್ತಿನಾಪುರದಲ್ಲಿ ಶ್ರೇಯಾಂಸನಿಗೆ ಅವನನ್ನು ಕಂಡೊಡನೆ ಹಿಂದಿನ ಜನ್ಮದ ನೆನಪಾಯಿತು. ಶ್ರೀಮತಿಯಾಗಿದ್ದಾಗ ವಜ್ರಜಂಘನೊಡನೆ ಮುನಿಗಳಿಗೆ ಆಹಾರವಿತ್ತ ನೆನಪು. ಆ ನೆನಪಿನಿಂದ ಅವನು ಕಬ್ಬಿನ ರಸವನ್ನು ಕೊಟ್ಟ. ಜಿನಸೇನರಲ್ಲಿ, ಪಂಪನಲ್ಲಿ ಈ ಕಥೆಯನ್ನು ಎಷ್ಟು ಸಲ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ.

ಆ ದಿನ ನಮ್ಮ ಮನೆಯಲ್ಲಿ ಕಬ್ಬಿನ ಹಾಲು ಬೇಕು. ಮುಧೋಳ, ಜಮಖಂಡಿಗಳ ತುಂಬ ಕಬ್ಬು ಬೆಳೆಯುವ ಜಿಲ್ಲೆಯಿದು. ಬೇರೆ ವರ್ಷಗಳಲ್ಲಿ ರಸ್ತೆಗೊಂದು ಗಾಣ, ಅದರ ಗೆಜ್ಜೆಯ ಸಪ್ಪಳ. ಆ ವರ್ಷ ಎಲ್ಲವೂ ಬಂದಾಗಿದ್ದವು. ನಸುಕಿನಲ್ಲಿಯೇ ಎರಡು ಕಡೆ ಹೋಗಿ ಬರಿಗೈಯಲ್ಲಿ ಮರಳಿ, ಕಬ್ಬಿನ ನಾಡಿನಲ್ಲಿ ಕಬ್ಬಿನ ಹಾಲಿಲ್ಲದ ಅಕ್ಷಯ ತೃತೀಯೆಯ ಬಗ್ಗೆ ಒಂದು ಒಳ್ಳೆಯ ವಾಕ್ಯವನ್ನು ಮನಸ್ಸಿನಲ್ಲೇ ಹೊಸೆಯುತ್ತ ಅಂಗಳದಲ್ಲಿ ನಿಂತಿದ್ದೆ.

ಆಗ ನಾಲ್ವರು ಬಂದರು. ಇಬ್ಬರು ಗಂಡಸರು, ಒಬ್ಬ ಹೆಂಗಸು, ಏಳೆಂಟು ವರ್ಷದ ಒಬ್ಬ ಹುಡುಗ. ತಲೆಯ ಮೇಲೆ ಗಂಟು. ಒಬ್ಬನ ಹೆಗಲಲ್ಲಿ ಸಿಮೆಂಟಿನ ಚೀಲದಿಂದ ಹೊಲಿದ ಕೈಚೀಲ. ಬಾದಾಮಿ, ಹುನಗುಂದ ಕಡೆಯ ಕೂಲಿಯವರು ಬೇಸಿಗೆಯಲ್ಲಿ ಗೋವೆಗೆ, ಮಂಗಳೂರಿಗೆ, ಉಡುಪಿಗೆ ಕಟ್ಟಡದ ಕೆಲಸಕ್ಕೆ ಹೋಗುವುದು ಇಲ್ಲಿ ಹೊಸದಲ್ಲ. ಅದರ ಹಿಂದಿನ ವರ್ಷ, 2019ರ ಆಗಸ್ಟಿನಲ್ಲಿ ಮಲಪ್ರಭೆ ಹೊಲಮನೆಗಳಿಗೆ ನುಗ್ಗಿದ್ದರಿಂದ ಹೋದವರು ಇನ್ನೂ ಹೆಚ್ಚು. ಇವರು ಗೋವೆಯ ಕಡೆಯಿಂದ ಬಂದವರು. ಕೆಲವು ದೂರ ಲಾರಿಯಲ್ಲಿ, ಉಳಿದದ್ದು ಕಾಲ್ನಡಿಗೆಯಲ್ಲಿ. ಲೋಕಾಪುರ ದಾಟಿದ ಮೇಲೆ ತಡೆಯುತ್ತಾರೆಂದು ಹಗಲು ಹೊಲದಲ್ಲಿ ಮಲಗಿ ರಾತ್ರಿ ನಡೆದು, ಕಲಾದಗಿಯ ಮೇಲೆ ಹಾದು ಬಂದಿದ್ದರು. ಹುನಗುಂದ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಬೇಕು. ಹೆಂಗಸು ಗೇಟಿನ ಸರಳು ಹಿಡಿದು, “ಯಪ್ಪಾ, ಹುಡುಗಗ ಒಂದೀಟು ನೀರು” ಎಂದಳು.

ನಾನು ಹೇಳಿದ ಮೊದಲ ಮಾತು, “ಗೇಟ್ ಮುಟ್ಟಬ್ಯಾಡ್ರಿ.”

ಆಕೆ ಕೈ ತೆಗೆದಳು. ನಾನು ಒಳಗೆ ಹೋಗಿ, ಸೋಸಿ ಕಾಯಿಸಿದ ನೀರನ್ನೇ ಎರಡು ಪ್ಲಾಸ್ಟಿಕ್ ಬಾಟಲಿಗಳಲ್ಲಿ ತುಂಬಿ ತಂದೆ. ಆವಾರದ ಗೋಡೆಯ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು, “ಬಾಟ್ಲಿ ನೀವ ಇಟ್ಕೊಳ್ರಿ, ತಿರುಗಿ ಕೊಡಬ್ಯಾಡ್ರಿ” ಎಂದೆ. ಅವರು ಮುಟ್ಟಿದ್ದನ್ನು ಮನೆಯೊಳಗೆ ತರಲು ನನಗೆ ಭಯವಾಗಿತ್ತು, ಅಷ್ಟೇ. ಆಕೆ ಅದನ್ನು ಔದಾರ್ಯವೆಂದು ತಿಳಿದು, “ದೇವರು ನಿಮ್ಮನ್ನ ತಣ್ಣಗ ಇಟ್ಟಿರಲಿ” ಎಂದು ಹರಸಿದಳು. ಆ ಹರಕೆಯನ್ನು ತಿದ್ದುವ ಧೈರ್ಯ ನನಗಾಗಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯಿಂದ ಗೊಣಗುವ ದನಿ ಬಂದಿತು. ಹುಡುಗನ ಕಾಲಿನಲ್ಲಿ ಚಪ್ಪಲಿಯಿಲ್ಲವೆಂದು ಅಜ್ಜಿ ಅವನ ತಂದೆಗೆ ಬೈಯುತ್ತಿದ್ದರು. ಬೈಯುತ್ತಲೇ ಗೇಟು ತೆರೆದರು. “ಬರ್ರಿ, ಒಳಗ ಬರ್ರಿ, ಕಟ್ಟಿ ಮ್ಯಾಲ ಕುಂದರ್ರಿ” ಎಂದರು. ತಂಬಿಗೆಯಲ್ಲಿ ಕಾಲಿಗೆ ನೀರು ಕೊಟ್ಟರು. ಮಗ ಒಳಗಿನಿಂದ ಬೇಡ ಬೇಡವೆಂದು ಕೂಗುತ್ತಿದ್ದ. “ನೀ ಸುಮ್ನಿರು, ನಿನಗೇನು ಗೊತ್ತು ಊರು ಬಿಟ್ಟು ನಡಿಯೂದು” ಎಂದು ಅವನಿಗೂ ಬೈದರು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಗಡಿಗೆ ಮಜ್ಜಿಗೆ ಕಟ್ಟೆಗೆ ಬಂದವು. ಅಜ್ಜಿ ಬಾಗಿಲಲ್ಲೇ, ಸೀರೆಯ ಸೆರಗನ್ನು ಮೂಗಿಗೆ ಹಿಡಿದು, ಸ್ವಲ್ಪ ದೂರದಲ್ಲಿ ಕುಳಿತಿದ್ದರು. ಭಯ ಅವರಿಗೂ ಇತ್ತು. ನಾಲ್ವರೂ ಉಂಡು, ಅರ್ಧ ತಾಸು ಬೇವಿನ ನೆರಳಲ್ಲಿ ಕಾಲು ಚಾಚಿ, ಎದ್ದು ಹೋದರು. ಆಮೇಲೆ ಸಂಜೆಯವರೆಗೆ ಅಜ್ಜಿ, ಮಜ್ಜಿಗೆಯೆಲ್ಲ ಮುಗಿದುಹೋಯಿತೆಂದು, ರಾತ್ರಿ ಊಟಕ್ಕೆ ಏನು ಮಾಡಬೇಕೆಂದು, ಗೊಣಗುತ್ತಲೇ ಇದ್ದರು.

ನವವಿಧ ಭಕ್ತಿಯೆಂದು ಶ್ರಾವಕಾಚಾರ ಗ್ರಂಥಗಳು ದಾನದ ಕ್ರಮವನ್ನು ಹೇಳುತ್ತವೆ. ಬಾಗಿಲಲ್ಲಿ ನಿಂತು ಬನ್ನಿ ಎಂದು ಎದುರುಗೊಳ್ಳುವ ಪ್ರತಿಗ್ರಹ ಮೊದಲನೆಯದು. ಎತ್ತರದ ಆಸನದಲ್ಲಿ ಕೂರಿಸುವುದು ಎರಡನೆಯದು. ಕಾಲು ತೊಳೆಯುವುದು ಮೂರನೆಯದು. ಅದು ಮುನಿಗಳಿಗೆ ಹೇಳಿದ ವಿಧಿ. ಕಷ್ಟದಲ್ಲಿರುವ ಜೀವಿಗಳೆಲ್ಲರಿಗೂ ಸಲ್ಲುವುದಕ್ಕೆ ಜಿನಸೇನರು ದಯಾದತ್ತಿಯೆಂಬ ಹೆಸರಿಟ್ಟು, ಅದರ ತಿರುಳು ಭಯವನ್ನು ನೀಗಿಸುವುದೆಂದು ಹೇಳಿದ್ದಾರೆ. ಈ ಭೇದಗಳನ್ನು ಬಲ್ಲ ನಾನು ನೀರನ್ನು ಭಯದಿಂದ ಕೊಟ್ಟೆ. ಇವಾವುದನ್ನೂ ಓದದ ಅಜ್ಜಿ ಕಟ್ಟೆ, ಕಾಲಿಗೆ ನೀರು, ರೊಟ್ಟಿ ಎಂಬ ತಮ್ಮ ಹಳೆಯ ಊರಿನ ಕ್ರಮವನ್ನು ತಪ್ಪಿಸಲಿಲ್ಲ. ಶ್ರೇಯಾಂಸನಿಗೆ ನೆನಪಿಗಾಗಿ ಹಿಂದಿನ ಜನ್ಮಕ್ಕೆ ಹೋಗಬೇಕಾಯಿತು. ಅಜ್ಜಿಗೆ ಇದೇ ಜನ್ಮದ ನೆನಪು ಸಾಕಾಯಿತು.

ಆ ನಾಲ್ವರನ್ನು ಪರೀಷಹದ ಪಟ್ಟಿಯೊಂದಿಗೆ ಹೋಲಿಸುವ ಆಸೆ ನನಗೆ ಆಮೇಲೆ ಬಂದದ್ದುಂಟು. ಹಸಿವು, ನೀರಡಿಕೆ, ಸೆಕೆ, ನಡಿಗೆ, ಬೇಡುವುದು, ಸಿಗದಿರುವುದು, ಕಾಲಿಗೆ ಚುಚ್ಚುವ ಮುಳ್ಳು. ನಾನು ತಮಾಷೆಗೆ ಎಣಿಸುತ್ತಿದ್ದದ್ದನ್ನು ಅವರು ಗಂಟಿನ ಜೊತೆಗೆ ಹೊತ್ತು ನಡೆದಿದ್ದರು. ಆದರೆ ಆ ಹೋಲಿಕೆಯೂ ಸಲ್ಲದು. ಪರೀಷಹವು ತಾನೇ ಆರಿಸಿಕೊಂಡ ಮಾರ್ಗದಲ್ಲಿ ಸಹಿಸುವಂಥದು. ಅವರು ಆ ದಾರಿಯನ್ನು ಆರಿಸಿಕೊಂಡಿರಲಿಲ್ಲ. ನಾಲ್ಕು ತಾಸಿನ ಸೂಚನೆಯಲ್ಲಿ ಕೆಲಸ, ಬಸ್ಸು, ಕೂಳು ಎಲ್ಲ ನಿಂತು, ಉಳಿದದ್ದು ರಸ್ತೆ ಮಾತ್ರ. ಬಯಸದೆ ಬಂದ ಕಷ್ಟವನ್ನು ಸಹಿಸುವುದಕ್ಕೆ ನಮ್ಮಲ್ಲಿ ಬೇರೆ ಹೆಸರಿದೆ: ಅಕಾಮನಿರ್ಜರೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯ ಆರನೆಯ ಅಧ್ಯಾಯದಲ್ಲಿ ಇದಕ್ಕೆ ಕೊಡುವ ಉದಾಹರಣೆ ಸೆರೆಯಲ್ಲಿ ಕೂಡಿಹಾಕಿದವನದು: ಅವನು ಹಸಿವು, ನೀರಡಿಕೆಗಳನ್ನು ತಡೆಯುತ್ತಾನೆ, ನೆಲದ ಮೇಲೆ ಮಲಗುತ್ತಾನೆ, ಮೈಯ ಕೊಳೆಯನ್ನು ಹೊರುತ್ತಾನೆ, ಬೇಕೆಂದು ಅಲ್ಲ, ಬೇರೆ ದಾರಿಯಿಲ್ಲದೆ. ಸಾವಿರದೈನೂರು ವರ್ಷಗಳ ಹಿಂದಿನ ಆ ವ್ಯಾಖ್ಯಾನವನ್ನು 2020ರ ಬೇಸಿಗೆಯಲ್ಲಿ ಓದಿದವನಿಗೆ ಬೇರೆ ಟೀಕೆ ಬೇಕಿರಲಿಲ್ಲ. ಕಷ್ಟಪಟ್ಟವರನ್ನು ತಪಸ್ವಿಗಳೆಂದು ಕರೆದು ಕೈಮುಗಿಯುವುದು ಸುಲಭ. ಹಾಗೆ ಕರೆದೊಡನೆ ಆ ಕಷ್ಟವನ್ನು ತಂದವರ ಹೊಣೆ ಕಣ್ಮರೆಯಾಗುತ್ತದೆ. ಶಾಸ್ತ್ರ ಈ ಎರಡನ್ನೂ ಬೇರೆಬೇರೆಯಾಗಿ ಇಟ್ಟದ್ದು ನನಗೆ ಅಂದು ದೊಡ್ಡ ವಿವೇಕವಾಗಿ ಕಂಡಿತು.

ಹತ್ತೊಂಬತ್ತರ ಸೂತ್ರವೂ ಅಂದಿನಿಂದ ನನಗೆ ಚಮತ್ಕಾರವಾಗಿ ಉಳಿದಿಲ್ಲ. ಚರ್ಯೆ ಮತ್ತು ನಿಷದ್ಯೆ ಒಬ್ಬನಲ್ಲಿ ಕೂಡಿರಲಾರವು, ನಿಜ. ಆದರೆ ಒಂದು ನಾಡಿನಲ್ಲಿ ಕೂಡಿರಬಲ್ಲವು. ಆ ಬೇಸಿಗೆಯಲ್ಲಿ ನಮ್ಮಲ್ಲಿ ಕೆಲವರು ಕುಳಿತದ್ದನ್ನೇ ಕಷ್ಟವೆಂದು ಎಣಿಸುತ್ತಿದ್ದಾಗ ಇನ್ನು ಕೆಲವರು ನಡೆಯುತ್ತಿದ್ದರು. ಇಳಕಲ್ಲಿನ, ಗುಳೇದಗುಡ್ಡದ ಮಗ್ಗಗಳ ಸದ್ದು ನಿಂತು, ಮದುವೆಯ ಹಂಗಾಮಿಗೆಂದು ನೇಯ್ದ ಸೀರೆ, ಖಣಗಳು ಮನೆಯಲ್ಲೇ ಉಳಿದಾಗ ನೇಕಾರರೂ ಕುಳಿತೇ ಇದ್ದರು. ಅವರ ನಿಷದ್ಯೆಯೂ ನನ್ನದೂ ಒಂದೇ ಅಲ್ಲ. ಪಟ್ಟಿಯಲ್ಲಿ ಪದ ಒಂದೇ ಇರಬಹುದು. ಅದರೊಳಗೆ ಕುಳಿತವನು ಯಾರೆಂದು ಕೇಳದೆ ಪದದ ಅರ್ಥ ತೀರದು.

ಹಾಗೆಂದು ಗೊಣಗುವುದು ತಪ್ಪೆಂದು ಹೇಳಲಾರೆ. ಅಜ್ಜಿ ನನಗಿಂತ ಹೆಚ್ಚು ಗೊಣಗಿದರು. ಅವರ ಕೈ ಅದರಿಂದ ಬಿಗಿಯಾಗಲಿಲ್ಲ. ಸಣ್ಣ ತೊಂದರೆಗಳನ್ನು ಬಾಯಿಬಿಟ್ಟು ಹೇಳುವುದು ಅವರಿಗೆ ದೊಡ್ಡದೊಂದನ್ನು ಹೇಳದೆ ಬಾಳುವ ಉಪಾಯವಾಗಿತ್ತೆಂದು ಈಗ ತೋರುತ್ತದೆ. ನೀರು ಸಪ್ಪೆ ಎಂದರೆ ಹಳೆಯ ಬಾವಿಯ ನೀರಿನ ನೆನಪು. ನನ್ನ ಗೊಣಗಾಟದ ಹಿಂದೆ ಅಂಥದೇನೂ ಇರಲಿಲ್ಲ.

ಇಷ್ಟೆಲ್ಲವನ್ನೂ ಬರೆಯಲು ಕಾರಣ ಬೇರೆಯಿದೆ. ಮೊನ್ನೆ ವಹಿ ಸಿಕ್ಕಾಗ ಮೊದಲು ತೆಗೆದು ನೋಡಿದ್ದು ಏಪ್ರಿಲ್ 26ರ ಪುಟವನ್ನು. ಆ ದಿನದ ವಿಷಯವನ್ನು ವಿಸ್ತಾರವಾಗಿ ಬರೆದಿರುತ್ತೇನೆಂದು ನಂಬಿದ್ದೆ. ಅಲ್ಲಿ ಇರುವುದು ಮೂರು ಸಾಲು: ‘ಕಬ್ಬಿನ ನಾಡಿನಲ್ಲಿ ಕಬ್ಬಿನ ಹಾಲಿಲ್ಲದ ಅಕ್ಷಯ ತೃತೀಯಾ. ಕರೆಂಟು ಎರಡು ಸಲ ಹೋಯಿತು. ಅಜ್ಜಿ.’ ನಾಲ್ವರ ಸುದ್ದಿಯಿಲ್ಲ, ಗೇಟಿನ ಮಾತಿಲ್ಲ, ಬಾಟಲಿಯಿಲ್ಲ. ದೊಡ್ಡದನ್ನು ಬರೆದು ಸಣ್ಣದನ್ನು ಬಿಟ್ಟರೆಂದು ಶಾಸನಕಾರರ ಮೇಲೆ ಆರೋಪ ಹೊರಿಸಿ ಶುರುಮಾಡಿದ ವಹಿಯಲ್ಲಿ ನಾನು ಸಣ್ಣದನ್ನು ಬರೆದು ದೊಡ್ಡದನ್ನು ಬಿಟ್ಟಿದ್ದೆ. ಮುಂದೆ ಯಾರಾದರೂ ಸಂಶೋಧಕರು ಈ ವಹಿಯನ್ನು ಆಧಾರವಾಗಿ ಹಿಡಿದರೆ, 2020ರ ಏಪ್ರಿಲ್ 26ರಂದು ನವನಗರದ ಈ ಓಣಿಯಲ್ಲಿ ಕಬ್ಬಿನ ಹಾಲಿನ ಅಭಾವದ ಹೊರತು ಏನೂ ನಡೆಯಲಿಲ್ಲವೆಂದು ತೀರ್ಮಾನಿಸುತ್ತಾರೆ. ಪ್ರತ್ಯಕ್ಷದರ್ಶಿಯ ಸಮಕಾಲೀನ ದಾಖಲೆ, ದಿನಾಂಕ ಸಹಿತ. ಇದಕ್ಕಿಂತ ಗಟ್ಟಿಯಾದ ಆಕರ ಯಾವುದಿದೆ ಎಂದು ಪಾಠದಲ್ಲಿ ಹೇಳುವವನು ನಾನೇ.

ಪುಟದ ಕೆಳಗೆ ಜಾಗ ಬೇಕಾದಷ್ಟಿದೆ. ಆದರೆ ಮೂಲಪ್ರತಿಯನ್ನು ತಿದ್ದಬಾರದೆಂಬುದು ಗ್ರಂಥಸಂಪಾದನೆಯ ಮೊದಲ ಪಾಠ. ಹಾಗಾಗಿ ಅಲ್ಲಿ ಏನನ್ನೂ ಸೇರಿಸಿಲ್ಲ. ಬಿಟ್ಟುಹೋದದ್ದನ್ನು ಇಲ್ಲಿ ಬರೆದಿದ್ದೇನೆ.